ಹದಿನೆಂಟು ತುಂಬಿದ ಮೇಲೆ ಮಗ ಏನು ಮಾಡಬೇಕು?

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ ಈಗ 16 ವರ್ಷ. ಮಧ್ಯಮ ಪ್ರಮಾಣದ ಬೌದ್ಧಿಕ ಅಂಗವೈಕಲ್ಯ, 75% ಎಂದು ಸರ್ಟಿಫಿಕೇಟಿನಲ್ಲಿದೆ. ಅದನ್ನು ಅವನಿಗೆ 10 ಆದಾಗ, ರಜೆಯಲ್ಲಿ ಊರಿಗೆ ಹೋಗಿದ್ದಾಗ ಉಡುಪಿಯಲ್ಲಿ ಮಾಡಿಸಿದ್ದೆವು. ಇಲ್ಲಿ ವಿಶೇಷ ಶಾಲೆಗೆ ಹೋಗುತ್ತಾನೆ. 18 ಆದ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದು ಶಾಲೆಯವರು ಹೇಳಿದ್ದಾರೆ. ಬಟ್ಟೆ ಮಡಚುವುದು, ಪಾತ್ರೆ ಜೋಡಿಸಿಡುವುದು ಅವನಿಗೆ ಇಷ್ಟ. ದುಡ್ಡಿನ ಲೆಕ್ಕ ಬರುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಮತ್ತು ಹಿಂದಿ. ನನ್ನ ಮೈದುನನಿಗೆ ಮುಲುಂಡಿನಲ್ಲಿ ಹೋಟೆಲಿದೆ, ‘ದೊಡ್ಡವನಾದ ಮೇಲೆ ನನ್ನ ಹತ್ತಿರ ಬಿಡಿ ಅತ್ತಿಗೆ’ ಅನ್ನುತ್ತಾರೆ. ನಮ್ಮ ಯಜಮಾನರಿಗೆ ಊರಿಗೇ ಹೋಗಿಬಿಡೋಣ ಅಂತ ಮನಸ್ಸು. ಹತ್ತನೇ ತರಗತಿ ಮಾಡಿಸಬೇಕೆ? ಯಾವಾಗಿನಿಂದ, ಏನನ್ನು ಶುರುಮಾಡಬೇಕು?

ಉತ್ತರ: ಇವತ್ತಿನಿಂದಲೇ ಶುರುಮಾಡಿ. ಇನ್ನೂ ಎರಡು ವರ್ಷ ಇದೆಯಲ್ಲ ಅನ್ನಿಸಬಹುದು. ಬೇಸಿಗೆ ರಜೆ, ಮಳೆಗಾಲದ ಜ್ವರ, ಚೌತಿ, ದೀಪಾವಳಿ ಎಲ್ಲ ಕಳೆದರೆ ಅಭ್ಯಾಸಕ್ಕೆ ಕೈಗೆ ಸಿಗುವುದು ಹೆಚ್ಚೆಂದರೆ 15–16 ತಿಂಗಳು. ಸರಿಯಾಗಿ ಬಳಸಿದರೆ ಅಷ್ಟು ಸಾಕು.

ನಿಮ್ಮ ಮಗನಂಥ ಹುಡುಗರು ಸೇರಿದ ಕೆಲಸ ಬಿಟ್ಟು ಮನೆಗೆ ಬಂದು ಕೂರುವುದಕ್ಕೆ ಹೆಚ್ಚಾಗಿ ಕೈಕೆಲಸ ಕಾರಣವಾಗಿರುವುದಿಲ್ಲ. ಕೈಕೆಲಸವನ್ನು ಅವರು ಚೆನ್ನಾಗಿಯೇ ಕಲಿಯುತ್ತಾರೆ. ತೊಡಕು ಬರುವುದು ಕೆಲಸದ ಸುತ್ತಲಿನ ಸಂಗತಿಗಳಲ್ಲಿ: ಗಾಡಿ ತಪ್ಪಿದಾಗ, ಊಟದ ಬಿಡುವಿನ ಅರ್ಧ ಗಂಟೆಯಲ್ಲಿ, ಶೌಚಾಲಯ ಎಲ್ಲಿದೆ ಎಂದು ಕೇಳಬೇಕಾದಾಗ, ಸುಸ್ತಾಗಿದೆ ಎಂದು ಹೇಳಬೇಕಾದಾಗ, ಹೊಸ ಮೇಸ್ತ್ರಿ ಬಂದು ಬೇರೆ ಮಾತಿನಲ್ಲಿ ಅದೇ ಕೆಲಸ ಹೇಳಿದಾಗ. ಇವನ್ನು ತರಗತಿಯ ಬೆಂಚಿನ ಮೇಲೆ ಕಲಿಸಲು ಆಗುವುದಿಲ್ಲ. ಇನ್ನೊಂದು ಮಾತು: ಬೌದ್ಧಿಕ ಅಂಗವೈಕಲ್ಯ ಇದ್ದವರು ಒಂದು ಜಾಗದಲ್ಲಿ ಕಲಿತದ್ದನ್ನು ತಾವಾಗಿ ಇನ್ನೊಂದು ಜಾಗಕ್ಕೆ ಒಯ್ಯುವುದು ಕಡಿಮೆ. ಶಾಲೆಯ ಅಡಿಗೆಮನೆಯಲ್ಲಿ ಲೋಟ ತೊಳೆಯುವ ಹುಡುಗ ಹೋಟೆಲಿನ ಸಿಂಕಿನ ಮುಂದೆ ಸುಮ್ಮನೆ ನಿಲ್ಲಬಹುದು. ಆದ್ದರಿಂದ ಎಲ್ಲಿ ಕೆಲಸ ಮಾಡಬೇಕೋ ಅಲ್ಲೇ ಕಲಿಸಬೇಕು, ಯಾವ ಗಾಡಿಯಲ್ಲಿ ಹೋಗಬೇಕೋ ಅದೇ ಗಾಡಿಯಲ್ಲಿ ಕಲಿಸಬೇಕು.

ಊರಿಗೆ ಹೋಗುವ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಹೋಗುವುದಾದರೆ ಈಗಲೇ ಹೋಗಿ ಅಲ್ಲಿ ಶುರುಮಾಡಿ. ಇಲ್ಲದಿದ್ದರೆ ಕನಿಷ್ಠ ಐದಾರು ವರ್ಷ ಇಲ್ಲೇ ಇರುತ್ತೇವೆ ಎಂದು ಗಟ್ಟಿ ಮಾಡಿಕೊಳ್ಳಿ. ಇಲ್ಲಿ ಎರಡು ವರ್ಷ ಕಲಿಸಿ, ಕೆಲಸ ಕೂಡಿಬಂದ ಹೊತ್ತಿಗೆ ಸಾಮಾನು ಕಟ್ಟಿದರೆ ಅವನ ಪಾಲಿಗೆ ಎಲ್ಲವೂ ಮೊದಲಿನಿಂದ. ತೀರ್ಮಾನಿಸುವಾಗ ನೀವಿಬ್ಬರೂ ಕೇಳಿಕೊಳ್ಳಬೇಕಾದದ್ದು: ನಮ್ಮ ನಂತರ ಅವನನ್ನು ದಿನಾ ವಿಚಾರಿಸಿಕೊಳ್ಳುವವರು ಎಲ್ಲಿದ್ದಾರೆ? ಅಕ್ಕ-ತಂಗಿ, ಚಿಕ್ಕಪ್ಪ, ದೊಡ್ಡಮ್ಮ ಯಾವ ಊರಲ್ಲಿದ್ದಾರೋ ಆ ಊರಿನ ಪಕ್ಷ ಗಟ್ಟಿ.

ಈಗ ಕಾಗದಪತ್ರ. ನಿಮ್ಮ ಕೈಯಲ್ಲಿರುವ ಸರ್ಟಿಫಿಕೇಟು ಶಾಶ್ವತವಲ್ಲ. ಬೌದ್ಧಿಕ ಅಂಗವೈಕಲ್ಯದ ಸರ್ಟಿಫಿಕೇಟನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. 18ಕ್ಕೆ ಕೊಡುವುದು ಮಾತ್ರ ಜೀವನಪೂರ್ತಿ ನಡೆಯುತ್ತದೆ. ಬಹಳ ಮನೆಗಳಲ್ಲಿ ಇದು ಮರೆತುಹೋಗುತ್ತದೆ, ಉದ್ಯೋಗದ ಅರ್ಜಿ ಹಾಕುವ ದಿನ ‘ಅವಧಿ ಮುಗಿದಿದೆ’ ಎಂಬ ಉತ್ತರ ಸಿಗುತ್ತದೆ. ಅವನಿಗೆ 18 ತುಂಬಿದ ತಿಂಗಳೇ ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲಿನಲ್ಲಿ ನವೀಕರಣಕ್ಕೆ ಅರ್ಜಿ ಹಾಕಿ. ಬುದ್ಧಿಸೂಚ್ಯಂಕದ ಜೊತೆಗೆ ದಿನನಿತ್ಯದ ಬದುಕಿನ ಸಾಮರ್ಥ್ಯ ಅಳೆಯುವ ವೈನ್‌ಲ್ಯಾಂಡ್ ಮಾಪಕವನ್ನೂ ನೋಡುತ್ತಾರೆ. ಆ ಮಾಪಕದಲ್ಲಿ 36ರಿಂದ 54 ಬಂದರೆ ಮಧ್ಯಮ, ಅಂದರೆ 75%. 55ರಿಂದ 69 ಬಂದರೆ ಸೌಮ್ಯ, 50%. ಎರಡರಲ್ಲೂ ಕಾನೂನಿನ ಸವಲತ್ತಿಗೆ ಬೇಕಾದ 40% ದಾಟುವುದರಿಂದ ತೊಂದರೆಯಿಲ್ಲ. ಮಗ ಸುಧಾರಿಸಿದ್ದು ಗೊತ್ತಾದರೆ ಶೇಕಡಾವಾರು ಕಡಿಮೆಯಾಗುತ್ತದೆ ಎಂಬ ಭಯದಲ್ಲಿ ಅವನಿಗೆ ಬರುವುದನ್ನೂ ಬರುವುದಿಲ್ಲ ಎನ್ನಬೇಡಿ. ಆ ವರದಿ ಮುಂದೆ ತರಬೇತಿ ಕೊಡುವವರ ಕೈಗೂ ಹೋಗುತ್ತದೆ, ಅವನಿಗೆ ಸಿಗುವ ಕೆಲಸವೂ ಅದಕ್ಕೆ ತಕ್ಕಂತೆ ಕುಗ್ಗುತ್ತದೆ.

ಉಡುಪಿಯಲ್ಲಿ ಆದದ್ದೆಂದು ಚಿಂತೆ ಬೇಡ. ಅಂಗವೈಕಲ್ಯ ಪ್ರಮಾಣಪತ್ರ ದೇಶದ ಎಲ್ಲ ಕಡೆ ನಡೆಯುತ್ತದೆ. ನವೀಕರಣವನ್ನು ಮಾತ್ರ ಇಲ್ಲೇ ಮಾಡಿಸುವುದು ಅನುಕೂಲ, ಅದಕ್ಕೆ ಆಧಾರ್‌ನಲ್ಲಿ ಡೊಂಬಿವಲಿಯ ವಿಳಾಸ ಇರಲಿ. ಹೆಸರಿನ ಅಕ್ಷರಗಳು ಆಧಾರ್, ಶಾಲೆಯ ದಾಖಲೆ, ಸರ್ಟಿಫಿಕೇಟು ಮೂರರಲ್ಲೂ ಒಂದೇ ಇವೆಯೇ ನೋಡಿ. ನಮ್ಮವರಲ್ಲಿ ಊರಿನ ಹೆಸರು, ತಂದೆಯ ಹೆಸರು, ಕುಲನಾಮ ಒಂದೊಂದು ಕಡೆ ಒಂದೊಂದು ಕ್ರಮದಲ್ಲಿ ಬರೆದಿರುತ್ತದೆ, ಅರ್ಜಿ ವಾಪಸಾಗುವುದು ಅದಕ್ಕೇ. ಮಹಾರಾಷ್ಟ್ರ ಸರಕಾರದ ಯೋಜನೆಗಳಿಗೆ ಸಾಮಾನ್ಯವಾಗಿ 15 ವರ್ಷ ವಾಸದ ಡೊಮಿಸೈಲ್ ಪ್ರಮಾಣಪತ್ರ ಕೇಳುತ್ತಾರೆ. ಹಳೆಯ ಬಾಡಿಗೆ ಕರಾರು, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಶಾಲೆಯ ಬೋನಾಫೈಡ್ ಎಲ್ಲ ಒಂದೇ ಫೈಲಿನಲ್ಲಿರಲಿ. ಗೋವಾದಲ್ಲಿರುವ ಕನ್ನಡಿಗರಿಗೂ ಇದೇ 15 ವರ್ಷದ ವಾಸದ ಪ್ರಶ್ನೆ ಎದುರಾಗುತ್ತದೆ.

ಶಾಲೆಯವರ ಹತ್ತಿರ ಹೋಗಿ ‘ಮುಂದೇನು ಮೇಡಂ?’ ಎಂದು ಕೇಳಿದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ಹಾಗೆ ಕೇಳದೆ ಮೂರು ಸಂಗತಿಗಳನ್ನು ಬರೆದು ಕೊಡಿ ಎನ್ನಿ: ಅವನ ವೃತ್ತಿಪೂರ್ವ ಹಂತದ ಮೌಲ್ಯಮಾಪನ, ವಾರದಲ್ಲಿ ಎಷ್ಟು ದಿನ ಶಾಲೆಯ ಹೊರಗೆ ಅಭ್ಯಾಸಕ್ಕೆ ಬಿಡುತ್ತಾರೆ ಎಂಬುದು, ಜೊತೆಗೆ ಹೋಗುವ ಶಿಕ್ಷಕರು ಯಾರು ಎಂಬುದು. ವಿಶೇಷ ಶಿಕ್ಷಕರ ಬಳಿ ಈ ಹಂತಕ್ಕೆಂದೇ ಇರುವ ಪರಿಶೀಲನಾ ಪಟ್ಟಿ ಇರುತ್ತದೆ. ಯಾವ ಕೆಲಸ ಸ್ವಂತ ಮಾಡುತ್ತಾನೆ, ಯಾವುದಕ್ಕೆ ಸೂಚನೆ ಬೇಕು ಎಂದು ಒಂದೊಂದಾಗಿ ಗುರುತು ಹಾಕಿರುತ್ತಾರೆ. ಅದರ ಪ್ರತಿ ನಿಮ್ಮಲ್ಲಿರಲಿ. ಶಾಲೆಯ ವೃತ್ತಿ ವಿಭಾಗದಲ್ಲಿ ಮೇಣದ ಬತ್ತಿ, ಕಾಗದದ ಚೀಲ, ರಾಖಿ ಮಾಡಿಸುತ್ತಿದ್ದರೆ ಬೇಡವೆನ್ನಬೇಡಿ, ಕೂತು ಕೆಲಸ ಮಾಡುವ ರೂಢಿಯಾದರೂ ಬರುತ್ತದೆ. ಆದರೆ ಹದಿನೆಂಟಾದ ಮೇಲೆ ಮೇಣದ ಬತ್ತಿಗೆ ಅವನಿಗೆ ಸಂಬಳ ಕೊಡುವವರು ಯಾರು ಎಂದು ಕೇಳಿ. ಉತ್ತರವಿಲ್ಲದಿದ್ದರೆ ವಾರದ ಎರಡು ದಿನವನ್ನು ಹೊರಗಿನ ಕೆಲಸಕ್ಕೆ ಬಿಡಿಸಿಕೊಳ್ಳಿ.

ಹೋಟೆಲೇ ಆಗಬೇಕು ಎಂದು ಈಗಲೇ ನಿಶ್ಚಯಿಸಬೇಡಿ. ಬಟ್ಟೆ ಮಡಚುವುದು ಇಷ್ಟ ಎಂದಿದ್ದೀರಿ. ಹಾಗಾದರೆ ಮೂರು ಬಗೆಯ ಜಾಗದಲ್ಲಿ ತಲಾ ಎರಡು ವಾರ, ದಿನಕ್ಕೆ ಎರಡು ಗಂಟೆ ನೋಡಿ: ಇಸ್ತ್ರಿ ಅಥವಾ ಲಾಂಡ್ರಿ ಅಂಗಡಿ, ಕಿರಾಣಿ ಅಥವಾ ಮೆಡಿಕಲ್ ಅಂಗಡಿಯ ಹಿಂಬದಿಯಲ್ಲಿ ಸಾಮಾನು ಜೋಡಿಸುವುದು, ಮತ್ತು ಹೋಟೆಲಿನ ಪಾರ್ಸೆಲ್ ವಿಭಾಗ. ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋದಾಗ ಹೋಟೆಲು, ಕೇಟರಿಂಗು, ಪ್ರಿಂಟಿಂಗ್ ಪ್ರೆಸ್ಸು ನಡೆಸುವ ನಮ್ಮವರು ಸಿಗುತ್ತಾರೆ. ಅವರಲ್ಲಿ ‘ನನ್ನ ಮಗನಿಗೆ ಏನಾದರೂ ಸಹಾಯ ಮಾಡಿ’ ಎಂದು ಕೇಳಿದರೆ ನೂರೋ ಇನ್ನೂರೋ ಕೈಗಿಟ್ಟು ಕಳಿಸುತ್ತಾರೆ. ‘ಎರಡು ವಾರ, ದಿನಕ್ಕೆ ಎರಡು ಗಂಟೆ, ಜೊತೆಗೆ ನಾವೊಬ್ಬರು ಇರುತ್ತೇವೆ, ಈ ಒಂದು ಕೆಲಸ ಮಾತ್ರ’ ಎಂದು ಅಳತೆ ಹಾಕಿ ಕೇಳಿದರೆ ಒಪ್ಪುವವರು ಸಿಗುತ್ತಾರೆ.

ಆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನಾ ನಾಲ್ಕು ಸಾಲು ಬರೆಯಿರಿ. ಎದ್ದು ಹೋಗದೆ ಎಷ್ಟು ನಿಮಿಷ ಕೆಲಸ ಮಾಡಿದ? 20 ಸಾಮಾನಿನಲ್ಲಿ ಎಷ್ಟು ತಪ್ಪಾಯಿತು? ಎಷ್ಟು ಸಲ ಹೇಳಬೇಕಾಯಿತು? ಏನು ಅವನಿಗೆ ಕಿರಿಕಿರಿ ಮಾಡಿತು: ಮಿಕ್ಸಿಯ ಸದ್ದೋ, ಬಿಸಿಯೋ, ಯಾರಾದರೂ ಗದರಿದ್ದೋ? ಎರಡು ವಾರದ ಕೊನೆಗೆ ಪುಟ ತಿರುವಿದರೆ ಯಾವ ಜಾಗ ಅವನಿಗೆ ಒಗ್ಗುತ್ತದೆ ಎಂದು ಗೊತ್ತಾಗುತ್ತದೆ. ‘ಖುಷಿಯಾಗಿದ್ದ’ ಎಂಬ ಒಂದೇ ಮಾತನ್ನು ನಂಬಬೇಡಿ, ಮೊದಲ ಮೂರು ದಿನ ಎಲ್ಲ ಕಡೆ ಖುಷಿಯಾಗಿಯೇ ಇರುತ್ತಾರೆ.

ಇನ್ನು ನಿಮ್ಮ ಮೈದುನನ ಹೋಟೆಲು. ಒಳ್ಳೆಯದು ತುಂಬ ಇದೆ. ಅಲ್ಲಿ ಕನ್ನಡ, ತುಳು ಕಿವಿಗೆ ಬೀಳುತ್ತದೆ, ಕಣ್ಣಿಡುವವರಿದ್ದಾರೆ, ತಪ್ಪಾದರೆ ಸಹಿಸುವವರಿದ್ದಾರೆ. ಅಪಾಯವೂ ಅದೇ ಪ್ರೀತಿಯಲ್ಲಿದೆ. ‘ನಮ್ಮ ಅಣ್ಣನ ಮಗ’ ಎಂದು ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಾರೆ, ಬಂದ ಗಿರಾಕಿಗಳಿಗೆ ಪರಿಚಯ ಮಾಡಿಸುತ್ತಾರೆ, ಬೇಜಾರಾದರೆ ಕಾಫಿ ಕೊಡುತ್ತಾರೆ. ಆರು ತಿಂಗಳಾದರೂ ಅವನಿಗೆ ಒಂದು ಕೆಲಸವೂ ಪಕ್ಕಾ ಆಗಿರುವುದಿಲ್ಲ, ಸಂಬಳದ ಮಾತೂ ಎದ್ದಿರುವುದಿಲ್ಲ. ಆದ್ದರಿಂದ ಮೊದಲೇ ಒಂದು ಕಾಗದದ ಮೇಲೆ ಬರೆದುಕೊಳ್ಳಿ: ಇವನ ಕೆಲಸ ಇಂಥದ್ದೇ, ಹೊತ್ತು ಇಷ್ಟು, ವಾರದ ರಜೆ ಇಂಥ ದಿನ, ಇವನಿಗೆ ಕೆಲಸ ಹೇಳುವವರು ಇಂಥವರು. ಆ ಇಂಥವರು ಚಿಕ್ಕಪ್ಪ ಆಗಿರಬಾರದು, ಪಾರ್ಸೆಲ್ ನೋಡಿಕೊಳ್ಳುವ ಹಳೆಯ ಕೆಲಸಗಾರನೊಬ್ಬ ಆಗಿರಬೇಕು. ಚಿಕ್ಕಪ್ಪ ಗದರಿದರೆ ಮನೆಯ ಜಗಳವಾಗುತ್ತದೆ, ಗದರದಿದ್ದರೆ ಕೆಲಸ ಕೆಡುತ್ತದೆ.

ಅವನಿಗೆ 18 ಆಗುವ ತನಕ ಕಾನೂನಿನ ಗೆರೆಯನ್ನೂ ನೋಡಬೇಕು. 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಉಳಿದ ಕೆಲಸದಲ್ಲಿ ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಮೂರು ಗಂಟೆಗೊಮ್ಮೆ ಒಂದು ಗಂಟೆ ವಿಶ್ರಾಂತಿ ಬೇಕು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ, ವಾರಕ್ಕೊಂದು ರಜೆ. ಒಲೆ, ಎಣ್ಣೆಯ ಬಾಣಲೆ, ರುಬ್ಬುವ ಯಂತ್ರದ ಹತ್ತಿರ ಹೇಗೂ ಬೇಡ. ಬೆಳಗಿನ ಎಂಟರಿಂದ ಹತ್ತರ ತಿಂಡಿಯ ನೂಕುನುಗ್ಗಲೂ ಬೇಡ. ಬೆಳಿಗ್ಗೆ 11ರಿಂದ ಸಂಜೆ 4 ಅವನಿಗೆ ಹೇಳಿಮಾಡಿಸಿದ ಹೊತ್ತು. ಸಂಜೆಯ ಗರ್ದಿ ಏರುವ ಮೊದಲು ಗಾಡಿಯಲ್ಲಿ ವಾಪಸಾಗಬಹುದು.

ಯಾವ ಕೆಲಸ? ಪಾರ್ಸೆಲ್‌ಗೆ ಚಟ್ನಿಯ ಚಿಕ್ಕ ಡಬ್ಬಿ ತುಂಬಿಸುವುದನ್ನು ತೆಗೆದುಕೊಳ್ಳೋಣ. ನೋಡುವವರಿಗೆ ಇದು ಒಂದು ಕೆಲಸ. ಬಿಡಿಸಿದರೆ ಎಂಟು ಹೆಜ್ಜೆ. ಕೈ ತೊಳೆದು ಟೋಪಿ ಹಾಕುವುದು, ತೂತು ಕೊರೆದ ಹಲಗೆಯನ್ನು ಅದರ ಕೆಂಪು ಪಟ್ಟಿ ಎಡಕ್ಕೆ ಬರುವಂತೆ ಇಡುವುದು, ತೂತಿಗೊಂದರಂತೆ ಡಬ್ಬಿ ಇಡುವುದು, ಡಬ್ಬಿಗೊಂದು ಸೌಟು ಚಟ್ನಿ ಹಾಕುವುದು, ಒಣಬಟ್ಟೆಯಲ್ಲಿ ಅಂಚು ಒರೆಸುವುದು, ಮುಚ್ಚಳ ಇಟ್ಟು ಹೆಬ್ಬೆರಳಿನಿಂದ ನಾಲ್ಕು ಕಡೆ ಒತ್ತುವುದು, ಎತ್ತಿ ಬೋರಲು ಮಾಡಿ ಸೋರುತ್ತದೆಯೇ ನೋಡುವುದು, ಕ್ರೇಟಿನಲ್ಲಿಡುವುದು.

ಇದರಲ್ಲಿ ಹಲಗೆಯೇ ಮುಖ್ಯ. ನಿಮ್ಮ ಮಗನಿಗೆ ಲೆಕ್ಕ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ತೊಳೆಯಲು ಬರುವ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು, ಹೀಗೆ 20 ತೂತು ಕೊರೆಸಿ. ತೂತು ಡಬ್ಬಿಯ ತಳಕ್ಕಿಂತ ದೊಡ್ಡದು, ಬಾಯಿಯ ಅಂಚಿಗಿಂತ ಚಿಕ್ಕದು ಇದ್ದರೆ ಡಬ್ಬಿ ಅಂಚಿನ ಮೇಲೆ ನೇತು ನಿಲ್ಲುತ್ತದೆ, ಮುಚ್ಚಳ ಒತ್ತುವಾಗ ಜಾರುವುದಿಲ್ಲ. ಹಲಗೆಯ ಕೆಳಗೆ ಡಬ್ಬಿ ಇಳಿಯುವಷ್ಟು ಎತ್ತರದ ಕಾಲು ಬೇಕು. ಮೊದಲು ರಟ್ಟಿನಲ್ಲಿ ಮಾಡಿ ಅಳತೆ ನೋಡಿಕೊಳ್ಳಿ. ಹಲಗೆ ತುಂಬಿದರೆ ಇಪ್ಪತ್ತಾಯಿತು. ಖಾಲಿ ತೂತು ಕಂಡರೆ ಕೆಲಸ ಬಾಕಿ ಇದೆ. ಎಣಿಕೆಯನ್ನು ಹಲಗೆ ಮಾಡಿತು. ಸೌಟೂ ಹಾಗೆಯೇ: ತುಂಬ ಒಂದು ಸೌಟು ಸುರಿದರೆ ಡಬ್ಬಿಯ ಅಂಚಿನಿಂದ ಒಂದು ಬೆರಳಗಲ ಕೆಳಗೆ ನಿಲ್ಲುವಂಥದ್ದನ್ನು ಹುಡುಕಿ ಅವನಿಗೆಂದೇ ಇಡಿ, ‘ಸ್ವಲ್ಪ ಹಾಕು’, ‘ಜಾಸ್ತಿಯಾಯಿತು’ ಎಂಬ ಮಾತೇ ಬೇಡವಾಗುತ್ತದೆ.

ಎಲ್ಲಿ ಕೆಡುತ್ತದೆ ಎಂದರೆ ಒರೆಸುವ ಹೆಜ್ಜೆಯಲ್ಲಿ. ಅಂಚಿನಲ್ಲಿ ಚಟ್ನಿ ಉಳಿದರೆ ಮುಚ್ಚಳ ಕೂತಂತೆ ಕಾಣುತ್ತದೆ, ಗಿರಾಕಿಯ ಚೀಲದಲ್ಲಿ ಬಿಚ್ಚಿಕೊಳ್ಳುತ್ತದೆ. ಹುಡುಗರು ಈ ಹೆಜ್ಜೆ ಹಾರಿಸುವುದು ಸೋಮಾರಿತನದಿಂದ ಅಲ್ಲ. ಒರೆಸಿದ ಮೇಲೆ ಕಣ್ಣಿಗೆ ಏನೂ ಬದಲಾಗುವುದಿಲ್ಲವಲ್ಲ! ಬಿಳಿ ಡಬ್ಬಿಯಲ್ಲಿ ಬಿಳಿ ಚಟ್ನಿ ಇನ್ನೂ ಕಷ್ಟ. ಕಲಿಯುವ ದಿನಗಳಲ್ಲಿ ಪುದೀನ ಅಥವಾ ಕೆಂಪು ಚಟ್ನಿಯಿಂದ ಶುರುಮಾಡಿ, ಅಂಚಿನ ಕಲೆ ಎದ್ದು ಕಾಣುತ್ತದೆ. ತೆಂಗಿನಕಾಯಿ ಚಟ್ನಿ ಮುಂಬಯಿಯ ಸೆಕೆಗೆ ಬೇಗ ಹಳಸುವುದರಿಂದ ಒಮ್ಮೆಗೆ ಎರಡು ಹಲಗೆಗಿಂತ ಹೆಚ್ಚು ತುಂಬಿಸುವುದು ಬೇಡ.

ಕಲಿಸುವ ಕ್ರಮ ಹಿಂದಿನಿಂದ ಮುಂದಕ್ಕೆ ಇರಲಿ. ಮೊದಲ ದಿನ ಏಳು ಹೆಜ್ಜೆಗಳನ್ನು ನೀವು ಮಾಡಿ, ಕ್ರೇಟಿನಲ್ಲಿಡುವ ಕೊನೆಯದನ್ನು ಅವನು ಮಾಡಲಿ. ಅದು ಸಲೀಸಾದ ಮೇಲೆ ಬೋರಲು ಮಾಡಿ ನೋಡುವುದು, ಆಮೇಲೆ ಮುಚ್ಚಳ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದ ಸಂತೋಷ ಅವನ ಪಾಲಿಗೆ ಬರುತ್ತದೆ. ಮುಂದಿನಿಂದ ಕಲಿಸಿದರೆ ಕೈ ತೊಳೆದು, ಹಲಗೆ ಇಟ್ಟು, ಆಮೇಲಿನದೆಲ್ಲ ಇನ್ನೊಬ್ಬರು ಮಾಡುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ.

ಸೂಚನೆ ಕೊಡುವಾಗ ಬಾಯಿ ಆದಷ್ಟು ಕಡಿಮೆ. ತಾಯಂದಿರಿಗೆ ಇದು ಎಲ್ಲಕ್ಕಿಂತ ಕಷ್ಟ. ‘ಹಾಂ, ಈಗ ಒರೆಸು, ಈಗ ಮುಚ್ಚಳ’ ಎನ್ನುತ್ತ ಪಕ್ಕದಲ್ಲಿ ನಿಂತರೆ ನಿಮ್ಮ ದನಿಯೂ ಕೆಲಸದ ಒಂದು ಹೆಜ್ಜೆಯಾಗಿಬಿಡುತ್ತದೆ. ನೀವಿಲ್ಲದ ದಿನ ಅವನು ಆ ದನಿಗಾಗಿ ಕಾಯುತ್ತ ನಿಲ್ಲುತ್ತಾನೆ. ಮನಸ್ಸಿನಲ್ಲಿ ಐದು ಎಣಿಸಿ. ಆಗಲೂ ಮಾಡದಿದ್ದರೆ ಬೆರಳು ತೋರಿಸಿ, ಅದಕ್ಕೂ ಆಗದಿದ್ದರೆ ಒಮ್ಮೆ ಮಾಡಿ ತೋರಿಸಿ, ಕೊನೆಗೆ ಮಾತ್ರ ಕೈ ಹಿಡಿಯಿರಿ. ನೋಟ್‌ಬುಕ್ಕಿನಲ್ಲಿ ಎಂಟು ಹೆಜ್ಜೆಗೆ ಎಂಟು ಮನೆ ಗೀಚಿ, ಸ್ವಂತ ಮಾಡಿದ್ದಕ್ಕೆ ‘ಸ್ವ’, ಬೆರಳು ತೋರಿಸಿದ್ದಕ್ಕೆ ‘ಬೆ’, ಮಾಡಿ ತೋರಿಸಿದ್ದಕ್ಕೆ ‘ಮಾ’, ಕೈ ಹಿಡಿದದ್ದಕ್ಕೆ ‘ಕೈ’ ಎಂದು ಬರೆಯಿರಿ. ಸತತ ಮೂರು ದಿನ ಎಂಟೂ ಮನೆಯಲ್ಲಿ ‘ಸ್ವ’ ಬಂದರೆ ಎರಡು ಮಾರು ದೂರ ಹೋಗಿ ನಿಲ್ಲಿ. ಮತ್ತೆ ಮೂರು ದಿನ ಬಂದರೆ ಅಡಿಗೆಮನೆಯಿಂದ ಹೊರಗೆ. ವೇಗದ ಮಾತು ಇದೆಲ್ಲ ಆದ ಮೇಲೆ. ಬೇರೆಯವರು ಆರು ನಿಮಿಷದಲ್ಲಿ ಮುಗಿಸುವ ಹಲಗೆಗೆ ಇವನಿಗೆ ಹದಿನೈದು ಬೇಕಾದೀತು. ಗಿರಾಕಿ ಎದುರು ಕಾಯದ ಕೆಲಸವಾದ್ದರಿಂದ ಅದು ನಡೆಯುತ್ತದೆ, ಇಂಥ ಕೆಲಸ ಆರಿಸುವುದೂ ಅದಕ್ಕೇ.

ಭಾಷೆಯ ಬಗ್ಗೆ ಕೇಳಿಲ್ಲ, ಆದರೂ ಹೇಳಬೇಕು. ಒಂದೇ ಪಾತ್ರೆಗೆ ಮನೆಯಲ್ಲಿ ಬಟ್ಟಲು, ಶಾಲೆಯಲ್ಲಿ ವಾಟಿ, ಹೋಟೆಲಿನಲ್ಲಿ ಕಟೋರಿ. ನಮಗೆ ಮೂರೂ ಒಂದೇ. ಅವನಿಗೆ ಮೂರು ಬೇರೆ ಬೇರೆ ವಸ್ತು. ಹೋಟೆಲಿನಲ್ಲಿ ಕೆಲಸಗಾರರು ಯಾವ ಮಾತು ಬಳಸುತ್ತಾರೋ ಅದನ್ನೇ ಇಪ್ಪತ್ತು-ಇಪ್ಪತ್ತೈದು ಪದದ ಪಟ್ಟಿ ಮಾಡಿ, ಮನೆಯಲ್ಲೂ ಆ ಸಾಮಾನಿಗೆ ಅದೇ ಹೆಸರು ಹಿಡಿಯಿರಿ. ಅದರಲ್ಲಿ ‘ರುಕೋ’, ‘ಗರಂ ಹೈ’, ‘ಮದದ್ ಚಾಹಿಯೇ’ ಈ ಮೂರು ಕಡ್ಡಾಯ. ಮನೆಮಾತು ಬಿಡಬೇಡಿ. ಅವನಿಗೆ ನೋವಾದದ್ದನ್ನು, ಹೆದರಿಕೆಯಾದದ್ದನ್ನು ಹೇಳುವ ಮಾತು ಕನ್ನಡವೇ.

ಪ್ರಯಾಣವನ್ನು ಕೆಲಸದ ತರಬೇತಿಯ ಜೊತೆಜೊತೆಗೇ ಕಲಿಸಿ. ಡೊಂಬಿವಲಿಯಿಂದ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿಯಲ್ಲಿ ಕೋಪರ್, ದಿವಾ, ಮುಂಬ್ರಾ, ಕಳ್ವಾ, ಠಾಣೆ ಕಳೆದು ಮುಲುಂಡ್. ನಿಲ್ದಾಣ ಎಣಿಸಲು ಕಲಿಸಬೇಡಿ. ಠಾಣೆಯಲ್ಲಿ ಗಾಡಿಯ ಡಬ್ಬಿ ಖಾಲಿಯಾಗುವುದು, ತುಂಬುವುದು ಯಾರಿಗೂ ಗೊತ್ತಾಗುವ ಗುರುತು. ‘ಠಾಣೆ ಬಿಟ್ಟ ಕೂಡಲೇ ಎದ್ದು ಬಾಗಿಲ ಹತ್ತಿರ’ ಎಂಬ ಒಂದೇ ನಿಯಮ ಸಾಕು. ಇಂಡಿಕೇಟರಿನಲ್ಲಿ ‘ಎಸ್’ ಅಕ್ಷರ ಇದ್ದರೆ ಮಾತ್ರ ಹತ್ತು, ‘ಎಫ್’ ಇದ್ದರೆ ಬೇಡ ಎಂಬುದನ್ನು ಮನೆಯಲ್ಲಿ ಚೀಟಿ ಮಾಡಿ ಗುರುತಿಸಲು ಕಲಿಸಿ. ದಿವ್ಯಾಂಗರ ಡಬ್ಬಿ ನಿಲ್ಲುವ ಜಾಗದಲ್ಲೇ ದಿನಾ ನಿಲ್ಲಲಿ, ಯುಡಿಐಡಿ ಕಾರ್ಡು ಮತ್ತು ಪಾಸು ಕತ್ತಿನ ಚೀಲದಲ್ಲಿರಲಿ.

ಮೊದಲ ಎರಡು ವಾರ ಕೈಗೆ ಸಿಗುವಷ್ಟು ಹತ್ತಿರ, ಆಮೇಲೆ ಅದೇ ಡಬ್ಬಿಯಲ್ಲಿ ದೂರ, ಆಮೇಲೆ ಪಕ್ಕದ ಡಬ್ಬಿಯಲ್ಲಿ ಬನ್ನಿ. ಮುಂದೆ ನೀವು ಡೊಂಬಿವಲಿಯಲ್ಲಿ ಹತ್ತಿಸಿ, ಯಜಮಾನರೋ ಹೋಟೆಲಿನವರೋ ಮುಲುಂಡಿನಲ್ಲಿ ಕಾಯಲಿ. ಕೊನೆಯ ಪರೀಕ್ಷೆ ಎಂದರೆ ಬೇಕೆಂದೇ ತಪ್ಪು ಮಾಡಿಸುವುದು: ಅವನನ್ನು ಮುಲುಂಡ್ ದಾಟಿ ನಾಹೂರ್‌ವರೆಗೆ ಹೋಗಲು ಬಿಟ್ಟು, ಹಿಂದಿನಿಂದ ನೋಡುತ್ತ, ಇಳಿದು ಫೋನ್ ಮಾಡುತ್ತಾನೆಯೇ ನೋಡಿ. ಗಾಬರಿಯಾದಾಗ ಮಾಡಬೇಕಾದದ್ದು ಎರಡೇ ಎಂದು ಮೊದಲೇ ಕಲಿಸಿ: ಬೆಂಚಿನ ಮೇಲೆ ಕೂರುವುದು, ಒಂದು ಗುಂಡಿ ಒತ್ತಿ ಅಮ್ಮನಿಗೆ ಫೋನ್ ಮಾಡುವುದು. ಹಳಿ ದುರಸ್ತಿಯ ಮೆಗಾಬ್ಲಾಕ್ ಇರುವ ಭಾನುವಾರ ಪ್ಲಾಟ್‌ಫಾರ್ಮು, ಗಾಡಿ ಎಲ್ಲ ಅದಲುಬದಲು ಆಗುವುದರಿಂದ ಅವನ ವಾರದ ರಜೆ ಭಾನುವಾರವೇ ಇರಲಿ, ಹೋಟೆಲಿಗೆ ಅದು ಎಷ್ಟೇ ವ್ಯಾಪಾರದ ದಿನವಾದರೂ. ಮಳೆಗಾಲದಲ್ಲಿ ಹಳಿಗೆ ನೀರು ಬರುವ ದಿನ ‘ಇವತ್ತು ರಜೆ’ ಎಂದು ಮನೆಯಲ್ಲೇ ನಿಲ್ಲಿಸಿ. ಗೋವಾದಲ್ಲಿ ಕಲಿಸುವವರಿಗೆ ಬಸ್ಸೇ ಗತಿ. ಅಲ್ಲಿ ದಿನಾ ಒಂದೇ ಹೊತ್ತಿನ ಒಂದೇ ಬಸ್ಸು ಹಿಡಿಸಿ, ಕಂಡಕ್ಟರರ ಪರಿಚಯ ಮಾಡಿಸಿಕೊಳ್ಳುವುದು ಯಾವ ಫಲಕಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ಊಟದ ಬಿಡುವಿಗೂ ಒಂದು ಕ್ರಮ ಹಾಕಿಕೊಡಿ. ಕೆಲಸವಿದ್ದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತು. ಬಿಡುವಿನಲ್ಲಿ ಗೊತ್ತಿರುವುದಿಲ್ಲ, ಆಗಲೇ ಬೇರೆಯವರ ತಟ್ಟೆಗೆ ಕೈ ಹಾಕುವುದು, ಒಬ್ಬನ ಮೊಬೈಲ್ ಮುಟ್ಟುವುದು, ಅಡಿಗೆಮನೆಯಲ್ಲಿ ಸುತ್ತಾಡುವುದು. ಊಟ, ತಟ್ಟೆ ತೊಳೆಯುವುದು, ಇಂಥ ಕುರ್ಚಿಯಲ್ಲಿ ಕೂತು ಹಾಡು ಕೇಳುವುದು ಎಂದು ಚಿತ್ರ ಬರೆದು ಗೋಡೆಗೆ ಅಂಟಿಸಿ. ಮೈ ಮುಟ್ಟುವ ವಿಷಯವನ್ನೂ ಬಾಯಿಬಿಟ್ಟು ಕಲಿಸಿ: ಯಾರಾದರೂ ಬಟ್ಟೆಯೊಳಗಿನ ಜಾಗ ಮುಟ್ಟಿದರೆ ‘ಬೇಡ’ ಎಂದು ಕೂಗಿ ಹೊರಗೆ ಬರುವುದು, ಮನೆಗೆ ಬಂದು ಹೇಳುವುದು. ಅವನೂ ಗಿರಾಕಿಗಳನ್ನು, ಹೆಣ್ಣುಮಕ್ಕಳನ್ನು ತಬ್ಬಿಕೊಳ್ಳುವ ಹಾಗಿಲ್ಲ. ‘ಪಾಪ, ಮಗು’ ಎಂದು ಮನೆಯವರು ನಕ್ಕು ಬಿಟ್ಟದ್ದು ಹದಿನೆಂಟರ ಹುಡುಗನಿಗೆ ಪೊಲೀಸ್ ದೂರಾಗಬಹುದು.

ಸಂಬಳ. ತರಬೇತಿಯ ಹೆಸರಿನಲ್ಲಿ ಬಿಟ್ಟಿ ದುಡಿಸುವುದಕ್ಕೆ ಒಂದು ಕೊನೆಯ ದಿನಾಂಕ ಇರಲಿ, ನಾಲ್ಕು ವಾರ ಸಾಕು. ಆಮೇಲೆ ಅದೇ ಕೆಲಸಕ್ಕೆ ಬೇರೆಯವರಿಗೆ ಗಂಟೆಗೆ ಎಷ್ಟೋ ಅಷ್ಟು ಇವನಿಗೂ. ಐದು ಗಂಟೆ ಮಾಡಿದರೆ ಐದು ಗಂಟೆಯದು. ಹೋಟೆಲು ಇಎಸ್‌ಐ (ನೌಕರರ ಸರಕಾರಿ ವಿಮೆ) ವ್ಯಾಪ್ತಿಗೆ ಬರುವುದಾದರೆ ಇವನನ್ನೂ ಸೇರಿಸಲಿ. ಅದಕ್ಕೆ ಸೇರಲು ಉಳಿದವರಿಗೆ ತಿಂಗಳ ಸಂಬಳದ ಮಿತಿ 21,000 ರೂಪಾಯಿ, ಅಂಗವಿಕಲ ನೌಕರರಿಗೆ 25,000. ಸಂಬಳ ಅವನ ಖಾತೆಗೇ ಹೋಗಲಿ, ತಿಂಗಳಿಗೆ ಒಂದು ಚಿಕ್ಕ ಮೊತ್ತವನ್ನು ನೋಟಿನಲ್ಲಿ ಅವನ ಕೈಗೆ ಕೊಟ್ಟು, ಅವನಿಗೆ ಬೇಕಾದ್ದನ್ನು ಅವನೇ ಕೊಳ್ಳಲಿ. ದುಡಿದದ್ದಕ್ಕೂ ದುಡ್ಡಿಗೂ ಇರುವ ಸಂಬಂಧ ಅವನಿಗೆ ತಿಳಿಯುವುದು ಹಾಗೆ.

18ರ ನಂತರ ಬ್ಯಾಂಕಿನವರು ಪೋಷಕತ್ವದ ಪತ್ರ ಕೇಳಬಹುದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಅದನ್ನು ಕೊಡುತ್ತದೆ, ನಿಮಗೆ ಠಾಣೆ ಜಿಲ್ಲೆಯದು. 18 ಆದ ಮೇಲೆ ತಂದೆ-ತಾಯಿ ತಾವಾಗಿ ಪೋಷಕರಾಗಿ ಉಳಿಯುವುದಿಲ್ಲ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಅದೇ ನ್ಯಾಸದ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಇದೆ, ಇನ್ನೂ ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ.

ಹತ್ತನೇ ತರಗತಿ ಹೋಟೆಲ್ ಕೆಲಸಕ್ಕೆ ಬೇಕಿಲ್ಲ. ಸರಕಾರಿ ಕೆಲಸದ ಆಸೆ ಇದ್ದರೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 4% ಮೀಸಲಾತಿ ಇದೆ, ಅದರಲ್ಲಿ 1% ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯದವರಿಗೆ ಒಟ್ಟಿಗೆ. ಸ್ಪರ್ಧೆ ದೊಡ್ಡದು, ಅದನ್ನೇ ನಂಬಿ ಕೂರುವಂತಿಲ್ಲ. ಮುಕ್ತ ಶಾಲೆಯಾದ ಎನ್‌ಐಓಎಸ್‌ನಲ್ಲಿ ಒಂದೊಂದೇ ವಿಷಯ ಬರೆಯಬಹುದು, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಅದಕ್ಕೂ ಕೆಳಗೆ ಅದರದ್ದೇ ಮೂಲಭೂತ ಶಿಕ್ಷಣದ ಮೂರು ಹಂತಗಳಿವೆ, ಕೊನೆಯದು ಎಂಟನೇ ತರಗತಿಗೆ ಸಮ. ನಿಮ್ಮ ಮಗನಿಗೆ ಅದೇ ಸರಿಯಾದ ಗುರಿ. ಎಂಟನೆಯದು ಆದರೆ ಕೆಲವು ವೃತ್ತಿ ತರಬೇತಿಗಳ ಬಾಗಿಲು ತೆರೆಯುತ್ತದೆ. ಪುಸ್ತಕಕ್ಕಾಗಿ ಹೊರಗಿನ ಅಭ್ಯಾಸದ ಎರಡು ದಿನ ಬಿಡಿಸಬೇಡಿ.

ಕಲಿಕಾ ನ್ಯೂನತೆ, ದೃಷ್ಟಿ ಅಥವಾ ಶ್ರವಣದ ತೊಂದರೆ ಇರುವ ಮಕ್ಕಳ ಹೆತ್ತವರಿಗೆ ಲೆಕ್ಕ ಬೇರೆ. ಅವರಿಗೆ ಹತ್ತು, ಹನ್ನೆರಡು, ಪದವಿ ಎಲ್ಲವೂ ಬೇಕು. ಉನ್ನತ ಶಿಕ್ಷಣದಲ್ಲಿ 5% ಮೀಸಲಾತಿ, ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಹೊತ್ತು ಕೇಳಿ ಪಡೆಯಿರಿ. ಕಲಿಕಾ ನ್ಯೂನತೆಯ ಸರ್ಟಿಫಿಕೇಟನ್ನು 8, 14, 18ನೇ ವಯಸ್ಸಿನಲ್ಲಿ ಮಾಡಿಸಬೇಕು.

ಹೋಟೆಲು ಒಗ್ಗದಿದ್ದರೆ ಮುಂಬಯಿಯ ಸಾಯನ್‌ನಲ್ಲಿ ಅಂಗವಿಕಲರಿಗಾಗಿಯೇ ಇರುವ ಕೇಂದ್ರ ಸರಕಾರದ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ. ವೃತ್ತಿ ಮೌಲ್ಯಮಾಪನವನ್ನೂ ಮಾಡುತ್ತಾರೆ. ಬೌದ್ಧಿಕ ಅಂಗವೈಕಲ್ಯಕ್ಕೆ ನವಿಮುಂಬಯಿಯ ಖಾರ್ಘರ್‌ನಲ್ಲಿ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಶ್ರವಣದ ತೊಂದರೆಗೆ ಬಾಂದ್ರಾದ ಅಲಿ ಯಾವರ್ ಜಂಗ್ ಸಂಸ್ಥೆ, ದೃಷ್ಟಿಗೆ ವರಳಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಇವೆ. ದೊಡ್ಡ ಕಂಪನಿಗೆ ಹೋದಾಗ ‘ನಿಮ್ಮ ಸಮಾನ ಅವಕಾಶ ನೀತಿ ತೋರಿಸಿ’ ಎನ್ನಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಆ ನೀತಿಯಲ್ಲಿ ಅಂಗವಿಕಲರಿಗೆ ಹೊಂದುವ ಹುದ್ದೆಗಳ ಪಟ್ಟಿ, ಸಂಪರ್ಕಾಧಿಕಾರಿಯ ನೇಮಕ ಎರಡೂ ಇರಬೇಕು. ಮಾನವ ಸಂಪನ್ಮೂಲ ವಿಭಾಗದ ಹೊರಗೆ ಅರ್ಜಿ ಹಿಡಿದು ನಿಲ್ಲುವುದಕ್ಕಿಂತ ಆ ಅಧಿಕಾರಿಯನ್ನು ಹೆಸರು ಹಿಡಿದು ಕೇಳುವುದು ಲೇಸು.

ಕೆಲಸಕ್ಕೆ ಸೇರಿದ ಮೇಲೆ ಮೊದಲ ಎರಡು ವಾರ ಜೊತೆಗೊಬ್ಬರು ಪೂರ್ತಿ ಹೊತ್ತು ಇರಲಿ, ಮುಂದಿನ ಎರಡು ವಾರ ಅರ್ಧ ಹೊತ್ತು, ಎರಡನೇ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೆರಡು ಸಲ. ಎಲ್ಲ ಚೆನ್ನಾಗಿದ್ದಾಗಲೂ ಹೋಗಿ ನೋಡಬೇಕು. ನಮ್ಮ ಹೋಟೆಲುಗಳಲ್ಲಿ ಏಪ್ರಿಲ್-ಮೇ ಬಂತೆಂದರೆ, ಚೌತಿ ಬಂತೆಂದರೆ ಅರ್ಧಕ್ಕರ್ಧ ಕೆಲಸಗಾರರು ಊರಿಗೆ ಹೋಗುತ್ತಾರೆ. ಇವನಿಗೆ ಕೆಲಸ ಹೇಳಿಕೊಡುತ್ತಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಇರುವುದಿಲ್ಲ, ಬದಲಿಗೆ ಬಂದವನಿಗೆ ಹಲಗೆಯೂ ಗೊತ್ತಿಲ್ಲ, ಬೆರಳು ತೋರಿಸುವ ಕ್ರಮವೂ ಗೊತ್ತಿಲ್ಲ. ಎಷ್ಟೋ ಹುಡುಗರ ಕೆಲಸ ಮುರಿದುಬೀಳುವುದು ಆ ವಾರದಲ್ಲೇ. ಆದ್ದರಿಂದ ಮೊದಲಿನಿಂದಲೂ ಇಬ್ಬರಿಗೆ ಕಲಿಸಿಡಿ, ಆ ಇಬ್ಬರು ಒಂದೇ ಊರಿನವರಾಗಿರದಂತೆ ನೋಡಿಕೊಳ್ಳಿ, ಎಂಟು ಹೆಜ್ಜೆಗಳ ಚಿತ್ರಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಹಲಗೆಯ ಮೇಲಿನ ಗೋಡೆಗೆ ಅಂಟಿಸಿಡಿ.